ಹುಲ್ಲುಗಾವಲು ಬಂಜರಲ್ಲ

ನಮ್ಮ ಟ್ರಸ್ಟುಗಳ ಸಭೆಗಳಲ್ಲಿ, ದಾನಿಗಳ ಪತ್ರಗಳಲ್ಲಿ, ಮನೆಯ ಹಿರಿಯರ ಮಾತಿನಲ್ಲಿ ಒಂದು ವಾಕ್ಯ ಮತ್ತೆ ಮತ್ತೆ ಕೇಳಿಬರುತ್ತದೆ: “ಆ ಜಾಗ ಸುಮ್ಮನೆ ಖಾಲಿ ಬಿದ್ದಿದೆ, ಏನಾದರೂ ಮಾಡೋಣ.” ಕೇಳುವುದಕ್ಕೆ ನಿರಪಾಯವಾಗಿ, ಪುಣ್ಯಕಾರ್ಯದ ಮುನ್ನುಡಿಯಂತೆಯೂ ಇರುವ ಈ ವಾಕ್ಯವನ್ನು ನಾನು ವಿರೋಧಿಸುತ್ತೇನೆ. ಹುಲ್ಲು ಬೆಳೆದ ನೆಲವನ್ನು ಖಾಲಿಯೆನ್ನುವುದು ಸುಳ್ಳು; ಏಕೇಂದ್ರಿಯ ಜೀವಿಗೂ ಲೆಕ್ಕವಿಟ್ಟ ಧರ್ಮದಲ್ಲಿ ಹುಟ್ಟಿದವರು ಆಡಿದಾಗ ಅದು ಇಮ್ಮಡಿ ಸುಳ್ಳು.

ಈ ಸುಳ್ಳು ಎಷ್ಟು ದೂರ ಒಯ್ಯಬಲ್ಲುದು ಎಂಬುದಕ್ಕೆ ಜಗತ್ತಿನಲ್ಲಿ ಪೂರ್ಣವಾಗಿ ಮುಗಿದ ಒಂದು ಉದಾಹರಣೆಯುಂಟು. ಅದು ಉತ್ತರ ಅಮೆರಿಕೆಯ ಪ್ರೇರಿ, ಅದರಲ್ಲೂ ಎತ್ತರದ ಹುಲ್ಲಿನ ಪ್ರೇರಿ. ಇಲಿನಾಯ್ ರಾಜ್ಯಕ್ಕೆ ಇಂದಿಗೂ “ಪ್ರೇರಿ ರಾಜ್ಯ” ಎಂಬ ಅಡ್ಡಹೆಸರಿದೆ. ಒಂದು ಕಾಲಕ್ಕೆ ಅಲ್ಲಿ ಸುಮಾರು 2.2 ಕೋಟಿ ಎಕರೆ ಪ್ರೇರಿಯಿತ್ತು. ನೇಗಿಲು ತಾಗದೆ ಮೂಲಸ್ಥಿತಿಯಲ್ಲಿ ಉಳಿದದ್ದು 2,500 ಎಕರೆಯ ಆಸುಪಾಸು, ಅಂದರೆ ಹತ್ತು ಸಾವಿರ ಎಕರೆಗೆ ಹೆಚ್ಚುಕಡಿಮೆ ಒಂದು ಎಕರೆ. ಈ ನೆಲ ನಮಗೆ ತೀರ ಅಪರಿಚಿತವೂ ಅಲ್ಲ. 1893ರಲ್ಲಿ ವೀರಚಂದ ರಾಘವಜಿ ಗಾಂಧಿಯವರು ಜೈನಧರ್ಮದ ಪ್ರತಿನಿಧಿಯಾಗಿ ಮಾತನಾಡಿದ ಷಿಕಾಗೋ ನಗರ ಇದೇ ರಾಜ್ಯದ್ದು. ಸರಿಯಾಗಿ ನೂರು ವರ್ಷಗಳ ನಂತರ, 1993ರಲ್ಲಿ, ಆ ನಗರದ ಸಮೀಪದ ಬಾರ್ಟ್ಲೆಟ್‌ನಲ್ಲಿ ಜಿನಮಂದಿರದ ಪ್ರತಿಷ್ಠೆಯಾಯಿತು. ನಮ್ಮವರ ಮಕ್ಕಳು ಇಂದು ವಾಸಿಸುವ ಆ ಸೀಮೆಯ ಮೂಲ ಒಡೆಯ ಹುಲ್ಲು.

ಲೆಕ್ಕದ ಪುಸ್ತಕದೊಡನೆ ಆಯುಷ್ಯದ ಬಹುಭಾಗ ಕಳೆದವನಾದ್ದರಿಂದ ಪ್ರೇರಿಯ ಒಂದು ವರ್ಷವನ್ನು ಕಿರ್ದಿಯ ರೀತಿಯಲ್ಲೇ ವಾಚಕರ ಮುಂದಿಡುತ್ತೇನೆ. ಖಾಲಿಯೋ ಅಲ್ಲವೋ ಎಂಬುದನ್ನು ಅವರೇ ನಿರ್ಣಯಿಸಲಿ.

ಶೀತಕಾಲ: ಕಾಣದ ಆಸ್ತಿ

ಜನವರಿಯಲ್ಲಿ ಪ್ರೇರಿಯನ್ನು ನೋಡಿದವನಿಗೆ ಹಿಮದ ಹೊದಿಕೆ ಮತ್ತು ಅದರಿಂದ ಮೇಲೆದ್ದ ಒಣಕಡ್ಡಿಗಳಷ್ಟೇ ಕಾಣುತ್ತವೆ. ಉಷ್ಣತೆ ಸೊನ್ನೆಗಿಂತ ಬಹಳ ಕೆಳಗೆ ಇಳಿಯುತ್ತದೆ. ತಡೆಯಿಲ್ಲದ ಬಯಲಿನ ಮೇಲೆ ಗಾಳಿ ಬೀಸುತ್ತದೆ. ಖಾಲಿಯೆಂಬ ಮಾತಿಗೆ ಇದಕ್ಕಿಂತ ಅನುಕೂಲವಾದ ಋತು ಬೇರೊಂದಿಲ್ಲ. ಆದರೆ ಪ್ರೇರಿಯ ಹೆಚ್ಚಿನ ಆಸ್ತಿ ನೆಲದ ಮೇಲಿಲ್ಲ. ಅಲ್ಲಿನ ಸಸ್ಯರಾಶಿಯ ಅರ್ಧಕ್ಕಿಂತ ಹೆಚ್ಚು ಭಾಗ ಮಣ್ಣಿನೊಳಗಿದೆ. ಬಿಗ್ ಬ್ಲೂಸ್ಟೆಮ್ ಎಂಬ ಹುಲ್ಲಿನ ಬೇರು ಹತ್ತು ಅಡಿಯವರೆಗೂ ಇಳಿಯಬಲ್ಲುದು. ನೆಬ್ರಾಸ್ಕಾ ವಿಶ್ವವಿದ್ಯಾನಿಲಯದ ಜಾನ್ ವೀವರ್ ಎಂಬ ವಿದ್ವಾಂಸರು ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಆಳವಾದ ಕಂದಕಗಳನ್ನು ತೋಡಿಸಿ, ಒಂದೊಂದು ಬೇರನ್ನೂ ಬಿಡಿಸಿ ಅಳೆದು ಚಿತ್ರಿಸಿದರು. ಕಣ್ಣಿಗೆ ಕಾಣದ್ದೆಲ್ಲ ಶೂನ್ಯವಲ್ಲ ಎಂಬುದು ಅವರ ಆ ಚಿತ್ರಗಳ ಸಾರ.

ಹಿಮದ ಪದರಕ್ಕೂ ನೆಲಕ್ಕೂ ನಡುವೆ ಇಲಿಜಾತಿಯ ಪ್ರಾಣಿಗಳು ಸುರಂಗ ಮಾಡಿಕೊಂಡು ಓಡಾಡುತ್ತಿರುತ್ತವೆ. ಹದಿಮೂರು ಗೆರೆಗಳ ನೆಲ ಅಳಿಲು ಬಿಲದೊಳಗೆ ಮುದುಡಿ ಮಲಗಿರುತ್ತದೆ. ಅದರ ಹೃದಯ ನಿಮಿಷಕ್ಕೆ ಕೆಲವೇ ಬಾರಿ ಮಿಡಿಯುತ್ತದೆ. ಗೋಲ್ಡನ್‌ರಾಡ್ ಎಂಬ ಗಿಡದ ಒಣಕಾಂಡದಲ್ಲಿ ಗೋಲಿಯಾಕಾರದ ಗಂಟೊಂದು ಕಾಣುತ್ತದೆ. ಅದರೊಳಗೆ ಒಂದು ಜಾತಿಯ ನೊಣದ ಮರಿಹುಳು ಇಡೀ ಚಳಿಗಾಲವನ್ನು ಕಳೆಯುತ್ತದೆ. ಅದರ ಮೈನೀರು ಹೆಪ್ಪುಗಟ್ಟಿದರೂ ಅದು ಸಾಯುವುದಿಲ್ಲ. ವಸಂತದಲ್ಲಿ ನೊಣವಾಗಿ ಹೊರಬರುತ್ತದೆ. ನಮ್ಮ ಗಣನೆಯಲ್ಲಿ ನೊಣ ಚತುರಿಂದ್ರಿಯ ಜೀವ. ಒಣಕಡ್ಡಿಯೆಂದು ನಾವು ಮುರಿದೆಸೆಯುವುದರೊಳಗೆ ನಾಲ್ಕು ಇಂದ್ರಿಯಗಳ ಜೀವವೊಂದು ಕಾದು ಕುಳಿತಿದೆ.

ವಸಂತಕಾಲ: ಬೆಂಕಿಯ ಪ್ರಶ್ನೆ

ಮಾರ್ಚಿನಲ್ಲಿ ಹಿಮ ಕರಗುತ್ತದೆ. ನಸುಕಿನಲ್ಲಿ ಪ್ರೇರಿ ಚಿಕನ್ ಎಂಬ ಹಕ್ಕಿಯ ಗಂಡುಗಳು ಗಿಡ್ಡಹುಲ್ಲಿನ ಬಯಲಿನಲ್ಲಿ ನೆರೆದು, ಕುತ್ತಿಗೆಯ ಚೀಲಗಳನ್ನು ಉಬ್ಬಿಸಿ, ದೂರಕ್ಕೆ ಕೇಳುವಂತೆ ಹೂಂಕರಿಸುತ್ತ ಕುಣಿಯುತ್ತವೆ. ಒಂದು ಕಾಲಕ್ಕೆ ಇಲಿನಾಯ್‌ನಲ್ಲಿ ಲಕ್ಷಗಟ್ಟಲೆ ಇದ್ದ ಈ ಹಕ್ಕಿ ಇಂದು ರಾಜ್ಯದ ದಕ್ಷಿಣ ಭಾಗದ ಒಂದು ಸಣ್ಣ ಆಸರೆಯಲ್ಲಿ ಬೆರಳೆಣಿಕೆಗೆ ಸಮೀಪವಾಗಿ ಉಳಿದಿದೆ. ಮೇ ತಿಂಗಳಲ್ಲಿ ಬಾಬೊಲಿಂಕ್ ಎಂಬ ಪುಟ್ಟ ಹಕ್ಕಿ ದಕ್ಷಿಣ ಅಮೆರಿಕೆಯಿಂದ ಸಾವಿರಾರು ಮೈಲಿ ಹಾರಿಬಂದು ಹುಲ್ಲಿನ ನಡುವೆ, ನೆಲದ ಮೇಲೆಯೇ ಗೂಡು ಕಟ್ಟುತ್ತದೆ. ಅದು ಮರವನ್ನು ಹುಡುಕುವುದಿಲ್ಲ. ಹುಲ್ಲಿಲ್ಲದಿದ್ದರೆ ಅದಕ್ಕೆ ಮನೆಯಿಲ್ಲ.

ಇದೇ ಋತುವಿನಲ್ಲಿ ನಮ್ಮ ವಾಚಕರನ್ನು ಬೆಚ್ಚಿಬೀಳಿಸುವ ಒಂದು ಕೆಲಸ ನಡೆಯುತ್ತದೆ: ಪ್ರೇರಿಯನ್ನು ಕಾಯುವವರೇ ಅದಕ್ಕೆ ಬೆಂಕಿಯಿಡುತ್ತಾರೆ. ಅಲ್ಲಿನ ಮೂಲನಿವಾಸಿಗಳು ಯುರೋಪಿಯನ್ನರು ಬರುವ ಮೊದಲಿನಿಂದಲೂ ಹಾಗೆ ಮಾಡುತ್ತಿದ್ದರು, ಸಿಡಿಲೂ ಹಚ್ಚುತ್ತಿತ್ತು. ಹುಲ್ಲಿನ ಮೊಳಕೆಯ ಕಣ್ಣು ನೆಲದೊಳಗಿರುವುದರಿಂದ ಅದು ಸುಡುವುದಿಲ್ಲ. ಕಪ್ಪಾದ ನೆಲ ಬಿಸಿಲಿಗೆ ಬೇಗ ಕಾದು ಕೆಲವೇ ವಾರಗಳಲ್ಲಿ ಹಸುರಾಗುತ್ತದೆ. ಬೆಂಕಿ ತಪ್ಪಿದರೆ ಪೊದೆಯೂ ಮರವೂ ನುಗ್ಗಿ, ನೆರಳು ಕವಿದು, ಹುಲ್ಲು ಸಾಯುತ್ತದೆ. ಕಾನ್ಸಾಸ್ ರಾಜ್ಯದ ಕೊಂಜಾ ಪ್ರೇರಿಯಲ್ಲಿ 1970ರ ದಶಕದಿಂದ ಬೇರೆ ಬೇರೆ ಭಾಗಗಳನ್ನು ಬೇರೆ ಬೇರೆ ಅಂತರದಲ್ಲಿ ಸುಟ್ಟು ನೋಡಿ ಕಂಡುಕೊಂಡ ವಿಷಯವಿದು.

ಇಲ್ಲಿ ನಾನು ಮಾತನ್ನು ಮರೆಸಿ ಆಡಲಾರೆ. ಶ್ರಾವಕನು ವರ್ಜಿಸಬೇಕಾದ ಹದಿನೈದು ಖರಕರ್ಮಗಳಲ್ಲಿ ದವದಾನವೂ ಒಂದು. ಗೋಲ್ಡನ್‌ರಾಡ್ ಗಂಟಿನೊಳಗಿನ ಆ ಹುಳು ಬೆಂಕಿಯಲ್ಲಿ ಬೇಯುತ್ತದೆ. ಸುಡುವವರು ಇಡೀ ಬಯಲನ್ನು ಒಮ್ಮೆಗೇ ಸುಡದೆ ಜೀವಿಗಳಿಗೆ ಆಸರೆಯಾಗಲೆಂದು ಭಾಗಗಳನ್ನು ಬಿಟ್ಟು ಸರದಿಯ ಮೇಲೆ ಸುಡುತ್ತಾರೆ. ಅದು ವಿವೇಕ ಹೌದು, ಆದರೂ ಹಿಂಸೆಯೇ. ಅದನ್ನು ಧರ್ಮವೆಂದು ಕರೆಯಲು ನನ್ನ ನಾಲಗೆ ಒಪ್ಪದು. ವ್ರತಧಾರಿಯು ಆ ಕಡ್ಡಿಯನ್ನು ಗೀರಲಾರ.

ಆದರೆ ಇಷ್ಟಕ್ಕೇ ನಿಂತು “ನೋಡಿದಿರಾ, ಹುಲ್ಲುಗಾವಲು ಕಾಯುವುದೆಂದರೆ ಹಿಂಸೆ” ಎಂದು ತೀರ್ಪು ಕೊಡುವವರ ತಕ್ಕಡಿಯನ್ನು ನಾನು ಪರೀಕ್ಷಿಸಬಯಸುತ್ತೇನೆ. ಬೆಂಕಿಯ ನಂತರ ಆ ನೆಲದಲ್ಲಿ ಹುಲ್ಲು, ಹುಳು, ಹಕ್ಕಿ ಎಲ್ಲವೂ ಮರಳಿ ಬರುತ್ತವೆ. ನೇಗಿಲಿನ ನಂತರ ಬರುವುದಿಲ್ಲ. ಒಂದು ಋತುವಿನ ಹಿಂಸೆಯನ್ನು ಕಂಡು ಕಿವಿ ಮುಚ್ಚಿಕೊಳ್ಳುವವನು 2.2 ಕೋಟಿ ಎಕರೆಯ ಶಾಶ್ವತ ನಿರ್ಮೂಲನವನ್ನು “ಅಭಿವೃದ್ಧಿ” ಎಂದು ಮೆಚ್ಚಿದರೆ ಅವನ ತಕ್ಕಡಿಯ ಒಂದು ತಟ್ಟೆಯ ಕೆಳಗೆ ಮೇಣ ಅಂಟಿದೆಯೆಂದೇ ಅರ್ಥ. ನೆಟ್ಟಗೆ ತೂಗುವವನಾದರೆ ಅವನು ಎರಡನ್ನೂ ಹಿಂಸೆಯೆನ್ನಲಿ. ಎರಡರಲ್ಲಿ ಯಾವುದು ದೊಡ್ಡದೆಂಬುದನ್ನೂ ಹೇಳಲಿ.

ಬೇಸಗೆ: ಹುಲ್ಲು ಮನುಷ್ಯನನ್ನು ಮೀರುವ ಕಾಲ

ಜೂನಿನಿಂದ ಪ್ರೇರಿ ವಾರಕ್ಕೊಂದು ಬಣ್ಣ ತಾಳುತ್ತದೆ. ಮೊದಲು ನೇರಳೆ ಎಸಳುಗಳನ್ನು ಇಳಿಬಿಟ್ಟ ಕೋನ್‌ಫ್ಲವರ್, ಜುಲೈಯಲ್ಲಿ ಸೂರ್ಯಕಾಂತಿಯ ಬಳಗದ ಹಳದಿ ಹೂಗಳು. ಅವುಗಳ ಪೈಕಿ ಕಂಪಾಸ್ ಪ್ಲಾಂಟ್ ಎಂಬುದೊಂದಿದೆ. ನೆತ್ತಿಯ ಬಿಸಿಲು ಎಲೆಯ ಮೈಮೇಲೆ ನೇರವಾಗಿ ಬೀಳದಂತೆ ಅದು ತನ್ನ ಎಲೆಗಳ ಅಂಚನ್ನು ಉತ್ತರ ದಕ್ಷಿಣಕ್ಕೆ ತಿರುಗಿಸಿ ನಿಲ್ಲುತ್ತದೆ. ದಿಕ್ಕು ತೋರಿಸುವುದರಿಂದಲೇ ಅದಕ್ಕೆ ದಿಕ್ಸೂಚಿಯ ಹೆಸರು.

ಆಗಸ್ಟಿನ ಸೆಕೆಯಲ್ಲಿ ಇತರ ಸಸ್ಯಗಳು ಬಾಡುವಾಗ ಬಿಗ್ ಬ್ಲೂಸ್ಟೆಮ್ ಮತ್ತು ಇಂಡಿಯನ್ ಗ್ರಾಸ್ ಆರರಿಂದ ಎಂಟು ಅಡಿ ಎತ್ತರಕ್ಕೆ ಬೆಳೆದು ತೆನೆ ಹಾಯುತ್ತವೆ. ಸಸ್ಯಶಾಸ್ತ್ರಜ್ಞರ ವಂಶಾವಳಿಯಲ್ಲಿ ಬಿಗ್ ಬ್ಲೂಸ್ಟೆಮ್, ನಮ್ಮ ಬಿಳಿಜೋಳ, ಕಬ್ಬು, ಲಾವಂಚ ಇವೆಲ್ಲ ಒಂದೇ ಬಳಗದ ದಾಯಾದಿಗಳು. ಉತ್ತರ ಕರ್ನಾಟಕದವನಿಗೆ ರೊಟ್ಟಿ ಕೊಟ್ಟ ಕುಲವೇ ಅಲ್ಲಿ ಪ್ರೇರಿಯನ್ನು ಕಟ್ಟಿದೆ.

ಶರತ್ತು: ಲಾಭವನ್ನು ನಿಧಿಗೆ ವರ್ಗಾಯಿಸುವ ಕಾಲ

ಸೆಪ್ಟೆಂಬರಿನಲ್ಲಿ ಗೋಲ್ಡನ್‌ರಾಡ್ ಹೊಂಬಣ್ಣಕ್ಕೂ ಆಸ್ಟರ್ ನೇರಳೆಗೂ ತಿರುಗುತ್ತವೆ. ಮೊನಾರ್ಕ್ ಚಿಟ್ಟೆಗಳು ಈ ಹೂಗಳ ಮಕರಂದವನ್ನೇ ದಾರಿಬುತ್ತಿಯಾಗಿ ಪಡೆದು ಮೆಕ್ಸಿಕೋ ದೇಶದ ಪರ್ವತಗಳಿಗೆ ಹೊರಡುತ್ತವೆ. ಅಕ್ಟೋಬರಿನಲ್ಲಿ ಇಡೀ ಬಯಲು ತಾಮ್ರದ ಬಣ್ಣವಾಗುತ್ತದೆ. ಆಗ ಹುಲ್ಲು ಮಾಡುವ ಕೆಲಸ ವ್ಯಾಪಾರಿಯಾದ ನನಗೆ ಬಹಳ ಪ್ರಿಯವಾದದ್ದು. ಎಲೆಯಲ್ಲಿದ್ದ ಸಾರಜನಕವನ್ನೂ ಇತರ ಸತ್ವವನ್ನೂ ಅದು ಹಿಂದಕ್ಕೆಳೆದು ಬೇರಿಗೆ ಇಳಿಸುತ್ತದೆ. ವರ್ಷಾಂತ್ಯದಲ್ಲಿ ಲಾಭವನ್ನು ಹಂಚಿ ಮುಗಿಸದೆ ಕಾಯ್ದಿಟ್ಟ ನಿಧಿಗೆ ವರ್ಗಾಯಿಸುವ ಒಳ್ಳೆಯ ಪೇಢಿಯ ಕ್ರಮವಿದು. ಹಳೆಯ ಬೇರುಗಳು ಕೊಳೆತು ಮಣ್ಣಾಗುತ್ತವೆ. ಹೀಗೆ ಸಾವಿರಾರು ವರ್ಷ ಜಮೆಯಾದ ನಿಧಿಯೇ ಆ ಸೀಮೆಯ ದಪ್ಪವಾದ ಕಪ್ಪುಮಣ್ಣು.

ಮೂಲಧನವನ್ನು ಲಾಭವೆಂದು ಬರೆದ ಲೆಕ್ಕ

1837ರಲ್ಲಿ ಇಲಿನಾಯ್‌ನ ಗ್ರ್ಯಾಂಡ್ ಡಿಟೂರ್ ಎಂಬ ಊರಿನಲ್ಲಿ ಜಾನ್ ಡೀರ್ ಎಂಬ ಕಮ್ಮಾರನು ಜಿಗುಟುಮಣ್ಣು ಅಂಟದಂತಹ ನಯವಾದ ಉಕ್ಕಿನ ನೇಗಿಲನ್ನು ಮಾಡಿದನು. ಅದಕ್ಕೆ ಮೊದಲೇ, 1830ರ ದಶಕದಲ್ಲಿ, ಪೊಟವಾಟಮಿ ಮುಂತಾದ ಮೂಲನಿವಾಸಿಗಳಿಂದ ಒಪ್ಪಂದಗಳ ಹೆಸರಿನಲ್ಲಿ ನೆಲವನ್ನು ಪಡೆದು ಅವರನ್ನು ಪಶ್ಚಿಮಕ್ಕೆ ಅಟ್ಟಲಾಗಿತ್ತು. ಜನರಿದ್ದ ನೆಲವನ್ನೇ ಖಾಲಿಯೆಂದವರು ಹುಲ್ಲಿದ್ದ ನೆಲವನ್ನು ಖಾಲಿಯೆಂದದ್ದರಲ್ಲಿ ಆಶ್ಚರ್ಯವೇನು? ಕೆಲವೇ ದಶಕಗಳಲ್ಲಿ ಉಳುಮೆ ಮುಗಿಯಿತು. ಮೂರರಿಂದ ಆರು ಕೋಟಿಯಷ್ಟಿದ್ದಿರಬಹುದೆಂದು ಅಂದಾಜಿಸಲಾದ ಬೈಸನ್ ಎಂಬ ಮಹಾಪ್ರಾಣಿಗಳಲ್ಲಿ 1889ರ ಹೊತ್ತಿಗೆ ಉಳಿದದ್ದು ಸಾವಿರದ ಆಸುಪಾಸು. ಪಶ್ಚಿಮದ ಗಿಡ್ಡಹುಲ್ಲಿನ ಬಯಲುಗಳನ್ನೂ ಉತ್ತರು. ಬರಗಾಲ ಬಂದಾಗ ಹಿಡಿದಿಡುವ ಬೇರಿಲ್ಲದ ಮಣ್ಣು ಎದ್ದು ಹಾರಿತು. 1935ರ ಏಪ್ರಿಲ್ 14ರಂದು ಹಗಲನ್ನು ಇರುಳಾಗಿಸಿದ ಧೂಳಿನ ಬಿರುಗಾಳಿಯನ್ನು ಅಲ್ಲಿನವರು ಇಂದಿಗೂ “ಕಪ್ಪು ಭಾನುವಾರ” ಎಂದೇ ಸ್ಮರಿಸುತ್ತಾರೆ. ಮೆಕ್ಕೆಜೋಳ ಬೆಳೆಯುವ ಅಮೆರಿಕೆಯ ಆ ಪಟ್ಟಿಯಲ್ಲಿ ಸುಮಾರು ಮೂರನೆಯ ಒಂದು ಭಾಗದಷ್ಟು ಸಾಗುವಳಿ ಭೂಮಿ ತನ್ನ ಕಪ್ಪು ಮೇಲ್ಮಣ್ಣನ್ನು ಪೂರ್ಣವಾಗಿ ಕಳೆದುಕೊಂಡಿದೆಯೆಂದು 2021ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜಿಸಿತು.

ವಾಣಿಜ್ಯಶಾಸ್ತ್ರದ ಮೊದಲ ವರ್ಷದ ವಿದ್ಯಾರ್ಥಿಯೂ ಅರಿತ ನಿಯಮವೊಂದುಂಟು: ಮೂಲಧನದಿಂದ ತೆಗೆದದ್ದನ್ನು ಆದಾಯವೆಂದು ಬರೆಯಕೂಡದು. ಪ್ರೇರಿಯನ್ನು ಮುರಿದವರು ಒಂದೂವರೆ ಶತಮಾನ ಅದನ್ನೇ ಬರೆದರು. ಯಾವ ಅಢಾವೆ ಪತ್ರಿಕೆಯಲ್ಲೂ ಹೋದ ಮಣ್ಣಿಗೆ ಸವಕಳಿ ಹಿಡಿಯಲಿಲ್ಲ. ಹೋದ ಜೀವಕ್ಕೆ ಕಾಲಮ್ಮೇ ಇರಲಿಲ್ಲ. ಅಲ್ಲಿ ಇಂದು ಬೆಳೆಯುವ ಮೆಕ್ಕೆಜೋಳದ ಬಹುಭಾಗ ಮನುಷ್ಯನ ತಟ್ಟೆಗೆ ನೇರವಾಗಿ ಬರುವುದೂ ಇಲ್ಲ. ಪಶು ಆಹಾರಕ್ಕೂ ವಾಹನಕ್ಕೆ ಸುರಿಯುವ ಎಥನಾಲಿಗೂ ಹೋಗುತ್ತದೆ. ಆ ಪಶುಗಳನ್ನು ಯಾವುದಕ್ಕಾಗಿ ಕೊಬ್ಬಿಸುತ್ತಾರೆಂಬುದನ್ನು ಈ ಪತ್ರಿಕೆಯ ವಾಚಕರಿಗೆ ನಾನು ಹೇಳಬೇಕಾಗಿಲ್ಲ.

ಮೂರು ಆಕ್ಷೇಪಣೆಗಳು

ಮೊದಲನೆಯ ಪೂರ್ವಪಕ್ಷ: “ಭಗವಾನ್ ಆದಿನಾಥರೇ ಅಸಿ, ಮಸಿ, ಕೃಷಿ ಮುಂತಾದ ಷಟ್ಕರ್ಮಗಳನ್ನು ಬೋಧಿಸಿದರಲ್ಲವೇ? ಉಳುಮೆಯನ್ನು ನಿಂದಿಸುವುದು ಹೇಗೆ?” ನಾನು ಉಳುಮೆಯನ್ನು ನಿಂದಿಸುತ್ತಿಲ್ಲ. ಆ ಆರರಲ್ಲಿ ವಾಣಿಜ್ಯವೂ ಇದೆ. ವಾಣಿಜ್ಯವನ್ನು ಬೋಧಿಸಿದರೆಂದ ಮಾತ್ರಕ್ಕೆ ಅಡವಿಟ್ಟ ಧನವನ್ನು ನುಂಗಲು ಅಪ್ಪಣೆ ಸಿಕ್ಕಿತೆಂದು ಯಾವ ಶೆಟ್ಟರೂ ವಾದಿಸುವುದಿಲ್ಲ. ಜೀವನೋಪಾಯಕ್ಕೆ ಹೇಳಿದ ಕೃಷಿಯು ಹತ್ತು ಸಾವಿರಕ್ಕೆ ಒಂದನ್ನು ಉಳಿಸಿ ಉಳಿದೆಲ್ಲವನ್ನು ಮುಗಿಸುವ ಲೋಭಕ್ಕೆ ಪ್ರಮಾಣವಾಗದು. ಕೃಷಿಯನ್ನು ಹೇಳಿದ ಪರಂಪರೆಯೇ ಪರಿಗ್ರಹಕ್ಕೆ ಪರಿಮಾಣವನ್ನೂ ಹೇಳಿದೆ.

ಎರಡನೆಯದು: “ಹುಲ್ಲಿನ ಜಾಗದಲ್ಲಿ ಮರ ನೆಡುವುದು ಪುಣ್ಯವಲ್ಲವೇ?” ಮರದ ಜಾಗದಲ್ಲಿ ಮರ ನೆಡುವುದು ಪುಣ್ಯ. ಬಿಸಿಲನ್ನು ಉಂಡು ಬದುಕುವ ಹುಲ್ಲಿನ ಮೇಲೆ ನೆರಳನ್ನು ಹೇರುವುದು ವಧೆ. ನಮ್ಮ ರಾಣೆಬೆನ್ನೂರನ್ನು ನೋಡಿ. 1974ರಲ್ಲಿ ಕೃಷ್ಣಮೃಗಕ್ಕೆಂದು ಅಭಯಾರಣ್ಯವಾದ ಆ ನೆಲದ ಬಹುಭಾಗದಲ್ಲಿ ನೀಲಗಿರಿಯ ನೆಡುತೋಪು ನಿಂತಿತು. ದೂರದಿಂದಲೇ ಅಪಾಯವನ್ನು ಕಂಡು ಓಡಿ ಬದುಕುವ ಪ್ರಾಣಿಗೆ ಬಯಲೇ ಕೋಟೆ. ಸಸಿಗಳ ಸಂಖ್ಯೆಯನ್ನು ಕರಪತ್ರದಲ್ಲಿ ಅಚ್ಚು ಹಾಕಿಸುವ ಮೊದಲು, ಗುಂಡಿ ತೋಡಿದ ಜಾಗದಲ್ಲಿ ಏನಿತ್ತೆಂದು ಒಬ್ಬನಾದರೂ ಕೇಳಬೇಡವೇ?

ಮೂರನೆಯದು: “ಅಮೆರಿಕೆಯ ಕಥೆ ನಮಗೇಕೆ?” ಏಕೆಂದರೆ ಅದೇ ವಾಕ್ಯ ಇಲ್ಲಿ ಸರ್ಕಾರಿ ಕಾಗದವಾಗಿದೆ. 2000ದಲ್ಲಿ ಮೊದಲು ಹೊರಬಂದು ಅನಂತರ ಪರಿಷ್ಕಾರಗೊಂಡ ಭಾರತದ ಪಾಳುಭೂಮಿಗಳ ನಕ್ಷಾಸಂಪುಟದಲ್ಲಿ ಹುಲ್ಲು ಕುರುಚಲುಗಳ ನೆಲದ ದೊಡ್ಡ ಪಾಲು “ಪಾಳು” ಎಂಬ ಶಿರೋನಾಮೆಯಡಿ ಸೇರಿದೆ. ಮೈಸೂರು ಅರಸರ ಕಾಲದಿಂದ ಅಮೃತಮಹಲ್ ದನಗಳಿಗೆಂದು ಕಾದಿರಿಸಿದ ಚಳ್ಳಕೆರೆಯ ಕಾವಲುಗಳಲ್ಲಿ ಸಾವಿರಾರು ಎಕರೆ ಈ ಶತಮಾನದ ಮೊದಲ ದಶಕದ ಕೊನೆಯ ಹೊತ್ತಿಗೆ ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಹಂಚಿಕೆಯಾಯಿತು. ಅಲ್ಲಿ ಕುರಿ ಮೇಯಿಸುತ್ತಿದ್ದವರಿಗೆ ಅದು ಎಂದೂ ಖಾಲಿಯಾಗಿರಲಿಲ್ಲ.

ನಮ್ಮ ಮುನಿಗಳು ನಿಲ್ಲುವುದೇಕೆ?

ಈಗ ನಮ್ಮ ಮನೆಯ ಮಾತಿಗೆ ಬರೋಣ. ಪ್ರತಿ ಮಳೆಗಾಲದಲ್ಲಿ ನಮ್ಮ ಮುನಿಸಂಘಗಳು ವಿಹಾರವನ್ನು ನಿಲ್ಲಿಸಿ ಒಂದೆಡೆ ಚಾತುರ್ಮಾಸ ಕೈಗೊಳ್ಳುತ್ತವೆ. ಏಕೆ? ಮಳೆ ಬಿದ್ದ ನೆಲದಲ್ಲಿ ಹುಲ್ಲು ಮೊಳೆಯುತ್ತದೆ, ಅದರ ನಡುವೆ ಅಸಂಖ್ಯ ಸೂಕ್ಷ್ಮಜೀವಿಗಳು ಹುಟ್ಟುತ್ತವೆ, ಒಂದು ಹೆಜ್ಜೆಯೂ ಅವುಗಳಿಗೆ ಮರಣವಾಗಬಹುದು ಎಂಬ ಕಾರಣಕ್ಕೆ. ಹಸುರಿನ ಮೇಲೆ ಕಾಲಿಡದಿರುವುದು ಮುನಿಧರ್ಮ. ಹುಲ್ಲಿನ ಋತುವನ್ನು ನೋಡಿ ತನ್ನ ಗುರುಗಳ ಹೆಜ್ಜೆಯನ್ನೇ ನಾಲ್ಕು ತಿಂಗಳು ನಿಲ್ಲಿಸಿದ ಧರ್ಮ ಇದು. ಚಾತುರ್ಮಾಸದ ಕಲಶ ಸ್ಥಾಪನೆಗೆ ಹಣವೆಣಿಸಿ ಕೊಟ್ಟ ಕೈಯೇ, ಬಸದಿಯ ಹಿಂದಿನ ಹುಲ್ಲುನೆಲಕ್ಕೆ ಜೆಸಿಬಿ ಇಳಿಸುವ ಠರಾವಿಗೆ ಸಹಿ ಹಾಕುವುದನ್ನು ಯಾವ ನ್ಯಾಯದಿಂದ ಸಮರ್ಥಿಸುತ್ತೀರಿ? ಪ್ರಯೋಜನವಿಲ್ಲದೆ ನೆಲವನ್ನು ಅಗೆಯುವುದು, ಸಸ್ಯವನ್ನು ಕಡಿಯುವುದು ಅನರ್ಥದಂಡದಲ್ಲಿ ಪ್ರಮಾದಚರ್ಯೆಯೆಂದು ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರ ಎಣಿಸಿದೆ. ಸಭಾಭವನಕ್ಕೆ ಬೇಕಾದಷ್ಟು ನೆಲ ಪ್ರಯೋಜನವಾಗಬಹುದು. “ಚೊಕ್ಕಟವಾಗಿ ಕಾಣಲಿ” ಎಂದು ಉಳಿದ ಎಕರೆಗಳನ್ನು ಕೆರೆಯಿಸುವುದು ಯಾವ ಪ್ರಯೋಜನ?

ಟ್ರಸ್ಟುಗಳಿಗೆ ಮೂರು ಮಾತು

ಇಲಿನಾಯ್‌ನಲ್ಲಿ ಮೂಲಪ್ರೇರಿ ಉಳಿದದ್ದೆಲ್ಲಿ ಎಂಬುದನ್ನು ಟ್ರಸ್ಟಿಗಳು ಗಮನಿಸಬೇಕು. ರೈಲುಹಳಿಗಳ ಅಂಚಿನಲ್ಲಿ ಉಳಿಯಿತು. ಹಳೆಯ ವಲಸಿಗರ ಸ್ಮಶಾನಗಳಲ್ಲಿ ಉಳಿಯಿತು. ಸುತ್ತಲಿನದೆಲ್ಲ ನೇಗಿಲಿನ ಪಾಲಾದರೂ, ಸತ್ತವರಿಗೆಂದು ಬಿಟ್ಟ ಆ ಕೆಲವೇ ಎಕರೆಗಳನ್ನು ಯಾರೂ ಉಳಲಿಲ್ಲ. ಇಂದು ವಿಜ್ಞಾನಿಗಳು ಬೀಜಕ್ಕಾಗಿ ಅಲ್ಲಿಗೇ ಹೋಗುತ್ತಾರೆ. ಧಾರ್ಮಿಕ ನೆಲವೊಂದು ಏನೂ ಮಾಡದೆ ಸುಮ್ಮನಿದ್ದುದರಿಂದಲೇ ಒಂದು ಜೀವಲೋಕದ ಬೀಜ ಉಳಿಯಿತು. ಇನ್ನೊಂದು ಸಂಗತಿ: ಜೋಲಿಯೆಟ್ ಎಂಬಲ್ಲಿ ಯುದ್ಧಕ್ಕೆ ಸ್ಫೋಟಕಗಳನ್ನು ತಯಾರಿಸಿದ ಕಾರ್ಖಾನೆಯ ನೆಲದಲ್ಲಿ 1996ರಲ್ಲಿ ಮಿಡೆವಿನ್ ಎಂಬ ಹೆಸರಿನಿಂದ ಸುಮಾರು 19,000 ಎಕರೆಯ ಪ್ರೇರಿ ಪುನರುಜ್ಜೀವನದ ಕಾರ್ಯ ಆರಂಭವಾಯಿತು, 2015ರಲ್ಲಿ ಬೈಸನ್‌ಗಳು ಅಲ್ಲಿಗೆ ಮರಳಿದವು. ಹಿಂಸೆಯ ಸಾಧನಗಳನ್ನು ಹೆತ್ತ ನೆಲವನ್ನು ಹುಲ್ಲಿಗೆ ಹಿಂದಿರುಗಿಸಲು ಅವರು ಬೆವರು ಸುರಿಸುತ್ತಿರುವಾಗ, ನಮ್ಮ ಅಧೀನದಲ್ಲಿ ಇನ್ನೂ ಜೀವಂತವಿರುವುದನ್ನು ನಾವು ಕೆರೆಯಿಸುತ್ತಿದ್ದೇವೆ.

ಆದ್ದರಿಂದ ನನ್ನ ಬೇಡಿಕೆ ಮೂರೇ. ಒಂದು, ಪ್ರತಿ ಟ್ರಸ್ಟೂ ತನ್ನ ಸ್ಥಿರಾಸ್ತಿಗಳ ವಹಿಯಲ್ಲಿ “ಖಾಲಿ” ಎಂದು ಬರೆದಿರುವ ನೆಲವನ್ನು ನಾಲ್ಕೂ ಋತುಗಳಲ್ಲಿ, ಹುಲ್ಲು ಹಕ್ಕಿಗಳನ್ನು ಬಲ್ಲವರೊಬ್ಬರನ್ನು ಕರೆದುಕೊಂಡು ಹೋಗಿ ನೋಡಲಿ. ಏನಿದೆಯೋ ಅದನ್ನು ವಹಿಯಲ್ಲಿ ಬರೆಯಲಿ. ಎರಡು, ಸಹಜವಾದ ಹುಲ್ಲಿರುವ ಕಡೆ ಸಸಿ ನೆಡುವ ದಾನವನ್ನು ವಿನಯಪೂರ್ವಕವಾಗಿ ನಿರಾಕರಿಸಿ, ಆ ಹಣವನ್ನು ಮರ ಕಡಿದು ಬೋಳಾದ ಕಡೆಗೆ ತಿರುಗಿಸಲಿ. ಮೂರು, ಇದ್ದ ನೆಲದಲ್ಲಿ ಒಂದು ಭಾಗವನ್ನು ಉಳದೆ, ಅಗೆಯದೆ, ಸುಡದೆ ಬಿಡುವುದಾಗಿ ಠರಾವು ಮಾಡಿ, ಬೇಲಿಯೊಳಗೆ ಊರಿನ ದನಗಳು ಹದವರಿತು ಮೇಯಲು ಅವಕಾಶ ಕೊಡಲಿ. ಬೆಂಕಿಯನ್ನು ಮುಟ್ಟಲಾರದ ಶ್ರಾವಕನಿಗೆ ಹುಲ್ಲು ಕಾಯಲು ಇರುವ ನಿರ್ದೋಷಕ್ಕೆ ಹತ್ತಿರದ ದಾರಿ ಇದೇ.

ಈ ಮೂರಕ್ಕೂ ಹುಂಡಿಯಿಂದ ಹೆಚ್ಚು ಹಣ ಬೇಕಾಗಿಲ್ಲ. ಶಿಲಾಫಲಕದಲ್ಲಿ ಹೆಸರು ಕೆತ್ತಿಸುವ ಅವಕಾಶವೂ ಇಲ್ಲ. ಬಹುಶಃ ಅದರಿಂದಲೇ ಇವು ಕಷ್ಟವಾಗಿ ತೋರಬಹುದು. ಮುಂದಿನ ವಾರ್ಷಿಕ ಸಭೆಯಲ್ಲಿ “ಆ ಜಾಗ ಖಾಲಿ ಬಿದ್ದಿದೆ” ಎಂದು ಯಾರಾದರೂ ಎದ್ದು ನಿಂತರೆ, ಸಭೆಯಲ್ಲಿರುವ ಯಾವನೊಬ್ಬನಾದರೂ “ಯಾವ ತಿಂಗಳಲ್ಲಿ ನೋಡಿ ಬಂದಿರಿ?” ಎಂದು ಕೇಳಲಿ. ಉತ್ತರ ಬರುವವರೆಗೆ ಠರಾವನ್ನು ಮುಂದೂಡಿ.